ರಟ್ಟಿನ ಮದರಸಾ: ಗೋಡೆ ನಿಂತಿತು, ಮಿನಾರೂ ನಿಂತಿತು

ಮಹಮೂದ್ ಗವಾನ್ ಮದರಸಾದ ನಮ್ಮ ಮಾದರಿಗೆ ಈಗ ಗೋಡೆಗಳು ಎದ್ದಿವೆ. ಮಿನಾರೂ ಅಲ್ಲಾಡದೆ ನಿಂತಿದೆ. ಬಣ್ಣ ಅರ್ಧ ಬಾಕಿ. ಈ ಸಲ ಪೂರ್ತಿ ಅಂಟಿಸುವ ಕೆಲಸದ ಬಗ್ಗೆಯೇ, ಅದರಲ್ಲೂ ಗ್ಲೂ ಗನ್ ಬಗ್ಗೆ, ಅಂದರೆ ಅಂಟಿನ ಕಡ್ಡಿಯನ್ನು ಕರಗಿಸಿ ಮೂತಿಯಿಂದ ಬಿಡುವ ಕರೆಂಟಿನ ಸಾಧನದ ಬಗ್ಗೆ, ಬರೆಯುತ್ತೇನೆ. ಅಳತೆ ಹಾಕೋದು, ಕತ್ತರಿಸೋದು ಒಮ್ಮೆ ಕೈಗೆ ಹತ್ತಿದರೆ ಮುಂದೆ ಸಾಗುತ್ತದೆ. ಅಂಟು ಹಾಗಲ್ಲ, ಒಂದೊಂದು ಜಾಗಕ್ಕೆ ಒಂದೊಂದು ಯೋಚನೆ ಬೇಡುತ್ತದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಬೀದರ್‌ನಲ್ಲಿ ಚೌಬಾರಾದಿಂದ ಕೋಟೆ ಕಡೆ ಹೋಗುವಾಗ ಸಿಗುವ ಮದರಸಾ ಇದು. ಬಹಮನಿ ಸುಲ್ತಾನರ ಮಂತ್ರಿಯಾಗಿದ್ದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತು, ನಡುವೆ ಅಂಗಳ, ಮುಂಭಾಗದಲ್ಲಿ ಬಣ್ಣದ ಹೆಂಚಿನ ಕೆಲಸ. ಮಿನಾರಿನ ಎತ್ತರ ಸುಮಾರು 40 ಮೀಟರ್. ನಾವು 100ಕ್ಕೆ 1ರ ಅಳತೆ ಹಿಡಿದಿದ್ದೇವೆ, ಹಾಗಾಗಿ ನಮ್ಮ ಮಿನಾರು 40 ಸೆಂಟಿಮೀಟರ್. ಮುಂದೆ ಮೊದಲು ಎರಡು ಮಿನಾರು ಇದ್ದವು. 1696ರಲ್ಲಿ ಒಳಗಿಟ್ಟಿದ್ದ ಮದ್ದುಗುಂಡು ಸಿಡಿದು ಒಂದು ಕಡೆ ಕುಸಿಯಿತು. ಈಗ ಒಂದೇ ಉಳಿದಿದೆ.

ಅಕ್ಕನ ಮಗಳು ರಜೆಗೆ ಕಲಬುರಗಿಯಿಂದ ಬಂದಾಗ ಶುರುವಾದ ಕೆಲಸ ಇದು. ಅವಳ ಮೊದಲ ಪ್ರಶ್ನೆಯೇ, "ಮಾಮಾ, ಎರಡೂ ಮಿನಾರ ಮಾಡೋಣಾ, ಒಂದೇನಾ?" ಅಂತ. ಒಂದನ್ನೇ ಮಾಡೋಣ ಎಂದೆ. ದಿನಾ ನೋಡುವ ಕಟ್ಟಡ ಹೇಗಿದೆಯೋ ಹಾಗೇ ಇರಲಿ ಅನ್ನೋದು ನನ್ನ ಆಸೆ. ಬಿದ್ದ ಭಾಗವನ್ನು ಬಿದ್ದಂತೆಯೇ ತೋರಿಸೋದು ಕೂಡ ಒಂದು ಕೆಲಸವೇ, ಅಲ್ವಾ?

ಯಾವ ಗ್ಲೂ ಗನ್?

ಅಂಗಡಿಗೆ ಹೋದರೆ ಮೊದಲು ಕೇಳುವುದು, "ಸಣ್ಣದು ಬೇಕ್ರೀ, ದೊಡ್ಡದು ಬೇಕ್ರೀ?" ಸಣ್ಣದು ಅಂದರೆ 20 ವಾಟ್, 7 ಮಿಲಿಮೀಟರ್ ಕಡ್ಡಿ ಹಿಡಿಯುವಂಥದ್ದು. ದೊಡ್ಡದು 40, 60, 100 ವಾಟ್, 11 ಮಿಲಿಮೀಟರ್ ಕಡ್ಡಿ. ವಾಟ್ ಜಾಸ್ತಿ ಇದ್ದರೆ ಅಂಟು ಜಾಸ್ತಿ ಬಿಸಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅದು ಹಾಗಿಲ್ಲ. ಒಳಗಿನ ಹೀಟರ್ ಒಂದು ಮಟ್ಟಕ್ಕೆ ಬಿಸಿಯಾದ ಮೇಲೆ ತಾನೇ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡುತ್ತದೆ. ವಾಟ್ ಹೇಳುವುದು ಎಷ್ಟು ಬೇಗ ಹೊಸ ಕಡ್ಡಿ ಕರಗುತ್ತದೆ ಅನ್ನೋದನ್ನು. ಅಂದರೆ ಎಷ್ಟು ಅಂಟು ನಿಲ್ಲದೆ ಬರುತ್ತದೆ ಅನ್ನೋದನ್ನು.

ಇದೇ ಮುಖ್ಯ. ಈ ಅಂಟಿನಲ್ಲಿ ನೀರಿಲ್ಲ, ಹಾಗಾಗಿ ಒಣಗುವ ಮಾತೇ ಇಲ್ಲ. ಕರಗಿದ ಪ್ಲಾಸ್ಟಿಕ್ ತಣ್ಣಗಾಗಿ ಗಟ್ಟಿಯಾಗುತ್ತದೆ, ಅಷ್ಟೇ. ಗೆರೆ ಎಳೆಯಲು ಶುರುಮಾಡಿದ ಕ್ಷಣದಿಂದ ಅದು ತಣ್ಣಗಾಗುತ್ತಾ ಇರುತ್ತದೆ. ಒಂದು ಮೊಳದ ಗೋಡೆಗೆ ಸಣ್ಣ ಗನ್‌ನಿಂದ ಎಳೆದರೆ ನೀವು ಆ ತುದಿ ಮುಟ್ಟುವ ಹೊತ್ತಿಗೆ ಈ ತುದಿಯ ಅಂಟು ಸತ್ತಿರುತ್ತದೆ. ಆಮೇಲೆ ಎಷ್ಟು ಒತ್ತಿದರೂ ಸುಮ್ನೆ. ಉದ್ದದ ಅಂಚಿಗೆ ದೊಡ್ಡ ಗನ್ ಬೇಕು. ಬೆರಳುಗುರಿನಷ್ಟು ತುಂಡುಗಳಿಗೆ ದೊಡ್ಡ ಗನ್ ತಂದರೆ ಅಂಟು ಪಕ್ಕಕ್ಕೆಲ್ಲಾ ಉಕ್ಕುತ್ತದೆ. ನನ್ನ ಹತ್ತಿರ ಮೊದಲಿಂದ 20 ವಾಟಿನದು ಇತ್ತು. ಈ ಕೆಲಸಕ್ಕೆಂದೇ 60 ವಾಟಿನದು ತಂದೆ. ಒಂದನ್ನೇ ಕೊಳ್ಳುವವರಿಗೆ ನಾನು 40 ಅಥವಾ 60 ವಾಟಿನದನ್ನೇ ಹೇಳುತ್ತೇನೆ. ಟ್ರಿಗರ್ ಮೆಲ್ಲಗೆ ಒತ್ತಿದರೆ ದೊಡ್ಡದರಲ್ಲಿ ಸಣ್ಣ ಕೆಲಸ ಮಾಡಬಹುದು. ಸಣ್ಣದರಲ್ಲಿ ದೊಡ್ಡ ಕೆಲಸ ಆಗೋದಿಲ್ಲ.

ಕೊಳ್ಳುವಾಗ ಇನ್ನೂ ಕೆಲವು ನೋಡಿ. ಆನ್ ಆಫ್ ಸ್ವಿಚ್ ಇರಲಿ. ಮುಂದಿನ ಸ್ಟ್ಯಾಂಡ್ ಗಟ್ಟಿ ಇರಲಿ, ಸಣ್ಣ ತಂತಿಯ ಕಾಲು ಇದ್ದರೆ ಗನ್ ಪಕ್ಕಕ್ಕೆ ಉರುಳುತ್ತದೆ. ಕಡ್ಡಿಯ ಅಳತೆ ನಿಮ್ಮೂರ ಅಂಗಡಿಯಲ್ಲಿ ಸಿಗುವಂಥದ್ದೇ ಇರಲಿ. ಕಡ್ಡಿಯನ್ನು ಬಗ್ಗಿಸಿ ನೋಡಿ. ಬಗ್ಗಿ ಮತ್ತೆ ನೆಟ್ಟಗಾಗುವ ಕಡ್ಡಿ ನನಗೆ ಇಷ್ಟ. ಪಟ್ಟನೆ ಮುರಿಯುವ ಕಡ್ಡಿಯ ಅಂಟು ತಣ್ಣಗಾದ ಮೇಲೂ ಹಾಗೇ ಪೆಡಸಾಗಿರುತ್ತದೆ.

ಅಡಿಪಾಯ, ಗೋಡೆ

ಅಡಿಗೆ ಪ್ಲೈವುಡ್, ಅದರ ಮೇಲೆ ಜಗಲಿ ತೋರಿಸಲು ಥರ್ಮಾಕೋಲ್. ಗನ್ನಿನ ಮೂತಿ 190 ಡಿಗ್ರಿ ಆಸುಪಾಸು ಬಿಸಿ ಇರುತ್ತದೆ. ಥರ್ಮಾಕೋಲ್ 100 ಡಿಗ್ರಿ ಹತ್ತಿರವೇ ಮೆತ್ತಗಾಗುತ್ತದೆ. ನೇರ ಹಾಕಿದರೆ ಗುಂಡಿ ಬೀಳೋದು ಖಂಡಿತ. ಜಗಲಿಯನ್ನು ಪ್ಲೈವುಡ್‌ಗೆ ಫೆವಿಕಾಲ್‌ನಿಂದ ಕೂರಿಸಿ ರಾತ್ರಿಯಿಡೀ ಮೇಲೆ ಪುಸ್ತಕ ಹೇರಿ ಬಿಟ್ಟೆ. ಗೋಡೆಯನ್ನು ಜಗಲಿಗೆ ಸೇರಿಸುವಾಗ ಅಂಟನ್ನು ರಟ್ಟಿನ ಅಂಚಿಗೆ ಹಾಕಿ, ನಾಲ್ಕೈದು ಎಣಿಸಿ, ಬಿಸಿ ಸ್ವಲ್ಪ ಇಳಿದ ಮೇಲೆ ಒತ್ತಿದರೆ ಥರ್ಮಾಕೋಲ್ ಕರಗುವುದಿಲ್ಲ. ಮೊದಲು ಬೇಡದ ತುಂಡಿನ ಮೇಲೆ ಮಾಡಿ ನೋಡಿಕೊಳ್ಳಿ. ಎಷ್ಟು ಎಣಿಸಬೇಕು ಅನ್ನೋದು ಗನ್‌ನಿಂದ ಗನ್‌ಗೆ ಬೇರೆ.

ಗೋಡೆ ಗೋಡೆ ಸೇರುವ ಮೂಲೆಗಳಿಗೆ ನಾನು ಎರಡೂ ಅಂಟು ಬಳಸಿದೆ. ಅಂಚಿನುದ್ದಕ್ಕೂ ಫೆವಿಕಾಲ್. ಮೇಲೆ, ಕೆಳಗೆ, ನಡುವೆ ಸ್ವಲ್ಪ ಜಾಗ ಬಿಟ್ಟು ಅಲ್ಲಿ ಗ್ಲೂ ಗನ್‌ನ ಒಂದೊಂದು ಬೊಟ್ಟು. ಬೊಟ್ಟು ಅರ್ಧ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ, ಫೆವಿಕಾಲ್ ನಿಧಾನಕ್ಕೆ ಒಣಗಲಿ. ಕ್ಲಿಪ್ಪು, ಟೇಪು, ಒತ್ತಿ ಕೂತಿರುವುದು ಯಾವುದೂ ಬೇಡ. ಈ ಉಪಾಯ ನನಗೆ ತುಂಬಾ ಸಮಯ ಉಳಿಸಿತು. ಮಾದರಿ ಮಾಡುವ ಎಲ್ಲರಿಗೂ ಇದೊಂದನ್ನು ಒತ್ತಿ ಹೇಳುತ್ತೇನೆ.

ಬರೀ ಗ್ಲೂ ಗನ್ ಸಾಲದೇ ಅಂತ ಕೇಳಬಹುದು. ನಮ್ಮ ಕಡೆ ಬೇಸಿಗೆ ನೆನೆಸಿಕೊಳ್ಳಿ. ಈ ಅಂಟು ಕರಗುವ ಮೊದಲೇ, 60 ಡಿಗ್ರಿ ಆಸುಪಾಸಿನಲ್ಲೇ, ಸಡಿಲವಾಗಿ ಜಾರತೊಡಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ತಗಡಿನ ಛಾವಣಿಯ ಕೆಳಗೂ ನಂಬಿಕೆ ಇಡಲಾಗದು. ಈ ಮಾದರಿ ಕೊನೆಗೆ ಹೋಗುವುದು ಕಲಬುರಗಿಯ ಅಕ್ಕನ ಮನೆಗೆ. ಅಲ್ಲಿ ಬೇಸಿಗೆ ಬೀದರ್‌ಗಿಂತ ಜೋರು. ಹಾಗಾಗಿ ಭಾರ ಬೀಳುವ ಯಾವ ಜಾಗವನ್ನೂ ಬರೀ ಬಿಸಿ ಅಂಟಿಗೆ ಬಿಟ್ಟಿಲ್ಲ.

ಕೆಲಸದ ನಡುವೆ ಕರೆಂಟ್ ಹೋದರೆ ಟ್ರಿಗರ್ ಬಿಟ್ಟುಬಿಡಿ. ತಣ್ಣಗಾದ ಗನ್‌ನಲ್ಲಿ ಜೋರಾಗಿ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ತುಂಡು ಮುರಿಯುತ್ತದೆ. ಅರ್ಧ ಉಳಿದ ಕಡ್ಡಿಯನ್ನು ಹಿಂದಕ್ಕೆ ಎಳೆಯಲೂಬೇಡಿ. ಹೊಸ ಕಡ್ಡಿ ಹಿಂದಿನಿಂದ ತಳ್ಳಿದರೆ ಅದೇ ಮುಂದೆ ಹೋಗುತ್ತದೆ.

ಮಿನಾರು

ಇದು ಮಾತ್ರ ಮನಸ್ಸಿಟ್ಟು ಮಾಡಿದ ಭಾಗ. ಬಟ್ಟೆ ಅಂಗಡಿಯವರು ಥಾನು ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆ ಕೇಳಿ ತಂದೆವು. ಗಟ್ಟಿ, ದುಂಡಗೆ, ನೆಟ್ಟಗೆ ಇರುತ್ತದೆ. ಬುಡದಲ್ಲಿ ಕೊಳವೆಯೊಳಗೆ ಬಿಗಿಯಾಗಿ ಕೂರುವ ಮರದ ತುಂಡನ್ನು ಪ್ಲೈವುಡ್‌ಗೆ ಸ್ಕ್ರೂ ಹಾಕಿ, ಮೇಲಿಂದ ಕೊಳವೆ ಇಳಿಸಿದ್ದೇವೆ.

ನಿಜವಾದ ಮಿನಾರಿನ ಮೈಮೇಲೆ ಅಂಕುಡೊಂಕು ಸಾಲಿನಲ್ಲಿ ಹೆಂಚು ಕೂರಿಸಿದ್ದಾರೆ. ಆ ಸಾಲನ್ನು ತೋರಿಸಲು ಗ್ಲೂ ಗನ್ನನ್ನೇ ಪೆನ್ನಿನ ಹಾಗೆ ಬಳಸಿದೆವು. ಮೊದಲು ಕೊಳವೆಯ ಮೇಲೆ ಪೆನ್ಸಿಲ್ ಗೆರೆ. ಆಮೇಲೆ ಸಣ್ಣ ಗನ್, ಮೂತಿ ರಟ್ಟನ್ನು ಮುಟ್ಟಿಯೂ ಮುಟ್ಟದ ಹಾಗೆ. ಟ್ರಿಗರ್ ಒಂದೇ ಸಮ ಒತ್ತುತ್ತಾ ಕೈ ನಿಲ್ಲಿಸದೆ ಎಳೆಯಬೇಕು. ತಿರುವಿನಲ್ಲಿ ಕೈ ನಿಂತರೆ ಅಲ್ಲೊಂದು ಗಂಟು. ಗೆರೆ ಮುಗಿದ ಕೂಡಲೇ ಟ್ರಿಗರ್ ಬಿಟ್ಟು, ಮೂತಿಯನ್ನು ಗೆರೆಯ ತುದಿಗೆ ಒಮ್ಮೆ ಸುತ್ತಿಸಿ ಎತ್ತಬೇಕು. ಹಾಗೆ ಸುತ್ತಿಸಿದರೆ ಹಿಂದೆ ಬರುವ ತೆಳು ಎಳೆ ಅಲ್ಲೇ ಕಡಿಯುತ್ತದೆ. ಉಳಿದ ಎಳೆಗಳಿಗೆ ಹೇರ್ ಡ್ರೈಯರ್ ಗಾಳಿ ಒಂದು ಕ್ಷಣ ತೋರಿಸಿದರೆ ಸುರುಟಿಕೊಂಡು ಹೋಗುತ್ತವೆ. ಜಾಸ್ತಿ ಹೊತ್ತು ಹಿಡಿದರೆ ಗೆರೆಯೇ ಮೆತ್ತಗಾಗುತ್ತದೆ.

ಈ ಅಂಟಿನ ಮೇಲೆ ಬಣ್ಣ ನೇರವಾಗಿ ನಿಲ್ಲುವುದಿಲ್ಲ, ಉಗುರಿನಿಂದ ಕೆರೆದರೆ ಸಿಪ್ಪೆ ಬರುತ್ತದೆ. ಅದಕ್ಕೇ ಮೊದಲು ಬಿಳಿ ಪ್ರೈಮರ್ ಒಂದು ಕೈ, ಅದರ ಮೇಲೆ ಅಕ್ರಿಲಿಕ್ ನೀಲಿ, ಹಸಿರು, ಹಳದಿ. ಉಬ್ಬಿದ ಗೆರೆಯ ಮೇಲೆ ನೀಲಿ ಕುಂಚ ಓರೆಯಾಗಿ ಸವರಿದಾಗ ಸಾಲು ಎದ್ದು ಕಂಡಿತು. ಅಕ್ಕನ ಮಗಳು "ಮಾಮಾ, ಖರೇನೇ ಹೆಂಚು ಕಂಡಂಗ ಕಾಣಲಿಕತ್ತದ!" ಎಂದು ಕೂಗಿದಳು. ನನಗೂ ಹಾಗೇ ಕಂಡಿತು.

ಬಿದ್ದ ಕಡೆಯ ಗೋಡೆಗೆ ರಟ್ಟನ್ನು ಕಟರ್‌ನಲ್ಲಿ ಕತ್ತರಿಸದೆ ಕೈಯಿಂದ ಹರಿದೆವು. ಮೇಲಿನ ಪದರ ಸುಲಿದೆವು. ಅಂಚಿಗೆ ಬಿಸಿ ಅಂಟು ಹಾಕಿ, ತಣ್ಣಗಾಗುವ ಮೊದಲೇ ಜರಡಿ ಹಿಡಿದ ಒಣ ಕೆಂಪು ಮಣ್ಣು ಉದುರಿಸಿದೆವು. ಬೀದರ್ ಮಣ್ಣು, ಹಿತ್ತಿಲಿನದೇ. ಮಣ್ಣು ಹಸಿ ಇದ್ದರೆ ಹಿಡಿಯುವುದಿಲ್ಲ.

ಮಕ್ಕಳು ಜೊತೆಗಿದ್ದರೆ

ಟ್ರಿಗರ್ ನನ್ನ ಕೈಯಲ್ಲಿ, ತುಂಡು ಇಡೋದು ಅವಳ ಕೈಯಲ್ಲಿ. ಇದು ಮೊದಲ ದಿನವೇ ಹಾಕಿಕೊಂಡ ನಿಯಮ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಈ ಕೆಲಸ ಮಾಡಬೇಡಿ. ಮೂತಿಯಿಂದ ತಾನಾಗೇ ತೊಟ್ಟಿಕ್ಕುವ ಅಂಟು ನೇರ ತೊಡೆಗೆ ಬೀಳುತ್ತದೆ. ಮೇಜಿನ ಮೇಲೆ ಮಾಡಿ, ಗನ್ನಿನ ಕೆಳಗೆ ಬೇಕಿಂಗ್ ಪೇಪರ್ ಹಾಸಿ, ಅದಕ್ಕೆ ಅಂಟು ಹಿಡಿಯುವುದಿಲ್ಲ. ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು ಇರಲಿ. ಚರ್ಮದ ಮೇಲೆ ಬಿದ್ದರೆ ತಕ್ಷಣ ನೀರಿಗೆ. ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ಅರಿಶಿನ ಏನೂ ಹಚ್ಚಬೇಡಿ. ಬೊಬ್ಬೆ ದೊಡ್ಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಸ್ಟೀಲು, ಗಾಜು, ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಇವಕ್ಕೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ. ತಪ್ಪಿ ಎಲ್ಲಾದರೂ ಅಂಟಿದ್ದನ್ನು ಬಿಡಿಸಲು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಅಂಚಿಗೆ ಹಚ್ಚಿ, ಒಂದು ನಿಮಿಷ ಬಿಟ್ಟರೆ ಇಡಿಯಾಗಿ ಏಳುತ್ತದೆ.

ಬಾಕಿ ಇರುವುದು ಮುಂಭಾಗದ ಅಕ್ಷರದ ಪಟ್ಟಿ, ಗುಮ್ಮಟಗಳು, ಕೊನೆಯ ವಾರ್ನಿಷ್. ಗುಮ್ಮಟಕ್ಕೆ ಪ್ಲಾಸ್ಟಿಕ್ ಚೆಂಡು ಅರ್ಧ ಕತ್ತರಿಸಿ ಇಟ್ಟಿದ್ದೇವೆ. ತೆಳು ಪ್ಲಾಸ್ಟಿಕ್ ಆದ್ದರಿಂದ ಅಂಟನ್ನು ಅದಕ್ಕೆ ಹಾಕದೆ ಕೆಳಗಿನ ರಟ್ಟಿಗೆ ಹಾಕುವ ಯೋಚನೆ. ಕಲಬುರಗಿಗೆ ಕಾರಿನಲ್ಲಿ ಒಯ್ಯುವುದಿಲ್ಲ, ಬೆಳಗಿನ ರೈಲಿಗೆ ಒಯ್ಯಬೇಕೆಂದಿದ್ದೇವೆ. ಅದಕ್ಕೆ ತಕ್ಕ ಪೆಟ್ಟಿಗೆಯ ಅಳತೆ ತೆಗೆದಾಗಿದೆ. ಮುಂದಿನ ಸಲ ಅಕ್ಷರದ ಪಟ್ಟಿಯ ಕೆಲಸ ಬರೆಯುತ್ತೇನೆ.