ಐದು ಚಮಚಗಳ ಡಿಫೆನ್ಸ್

2025 ಮಾರ್ಚ್ 30, ಭಾನುವಾರ, ಯುಗಾದಿ
ಷಾರ್ಲಟ್ಸ್‌ವಿಲ್, ವರ್ಜೀನಿಯಾ

ಹಬ್ಬದ ಊಟ ಮುಗಿಯುವಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ತಟ್ಟೆ ಎತ್ತುವ ಮೊದಲೇ, ನಮ್ಮ ಮನೆಯಲ್ಲಿ ಪ್ರತಿ ಮಾರ್ಚ್‌ನಲ್ಲೂ ಏಳುವ ವಾದ ಈ ಸಲವೂ ಎದ್ದಿತು. ಆಶ್‌ಬರ್ನ್‌ನಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ನನ್ನ ಹೆಂಡತಿಯ ಅಣ್ಣ, ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, ವರ್ಜೀನಿಯಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕೊನೆಗೂ ಒಳ್ಳೆಯ ಕಾಲ ಬಂತು, ಇನ್ನಾದರೂ ಆ ಆಮೆಯಾಟ ನಿಲ್ಲುತ್ತದೆ ಎಂದರು. ಆಮೆಯಾಟ ಎಂದರೆ ನನಗೆ ಚುಚ್ಚುತ್ತದೆಂದು ಅವರಿಗೆ ಗೊತ್ತು, ಅದಕ್ಕೇ ಅಂದದ್ದು.

ಒಂದು ವಾರದ ಹಿಂದೆ ರಯಾನ್ ಓಡಮ್ ಅವರನ್ನು ನಮ್ಮ ತಂಡದ ಮುಖ್ಯ ಕೋಚ್ ಆಗಿ ನೇಮಿಸಿದ್ದಾರೆ. ಏಳು ವರ್ಷಗಳಿಂದ ಈ ಮನೆಯಲ್ಲಿ ಆ ಹೆಸರಿಗೆ ಇದ್ದದ್ದು ಒಂದೇ ಅರ್ಥ. 2018ರ ಮಾರ್ಚ್ 16ರ ಶುಕ್ರವಾರ ರಾತ್ರಿ, ದೇಶಕ್ಕೇ ಮೊದಲ ಶ್ರೇಯಾಂಕದಲ್ಲಿದ್ದ ವರ್ಜೀನಿಯಾವನ್ನು ತನ್ನ ವಿಭಾಗದಲ್ಲಿ ಕೊನೆಯ, ಅಂದರೆ ಹದಿನಾರನೆಯ ಶ್ರೇಯಾಂಕದ ಯುಎಂಬಿಸಿ ಎಂಬ ಮೇರಿಲ್ಯಾಂಡ್‌ನ ವಿಶ್ವವಿದ್ಯಾಲಯದ ತಂಡ 74–54 ಅಂಕಗಳಿಂದ ಸೋಲಿಸಿತು. ಕಾಲೇಜು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಪುರುಷರ ಎನ್‌ಸಿಎಎ ಟೂರ್ನಿಯಲ್ಲಿ ಅದಕ್ಕೂ ಮೊದಲು ಒಂದನೆಯ ಶ್ರೇಯಾಂಕದವರಿಗೂ ಹದಿನಾರನೆಯವರಿಗೂ 135 ಪಂದ್ಯಗಳು ನಡೆದಿದ್ದು, ಒಂದರಲ್ಲಿಯೂ ಹದಿನಾರನೆಯವರು ಗೆದ್ದಿರಲಿಲ್ಲ. ಆ ರಾತ್ರಿ ಯುಎಂಬಿಸಿಯ ಕೋಚ್ ಆಗಿದ್ದವರೇ ಈ ಓಡಮ್. ಅವರ ತಂದೆ ಡೇವ್ ಓಡಮ್ 1980ರ ದಶಕದಲ್ಲಿ ಇಲ್ಲಿಯ ಆಗಿನ ಕೋಚ್ ಟೆರಿ ಹಾಲೆಂಡ್ ಅವರ ಸಹಾಯಕರಾಗಿದ್ದರು, ಮಗ ಬಾಲ್ಯದಲ್ಲಿ ಇದೇ ಊರಿನಲ್ಲಿ ಬೆಳೆದು ಇದೇ ತಂಡಕ್ಕೆ ಚೆಂಡು ಎತ್ತಿಕೊಡುತ್ತಿದ್ದವರು ಎಂದು ಈ ವಾರ ಪತ್ರಿಕೆಗಳೆಲ್ಲ ನೆನಪಿಸುತ್ತಿವೆ. ಹಾಗಾಗಿ ಮನೆಗೆ ಬಂದವರು ಹೊರಗಿನವರಲ್ಲ ಎಂಬ ಸಮಾಧಾನವನ್ನು ನಾನೂ ಹೇಳಿಕೊಳ್ಳುತ್ತಿದ್ದೇನೆ.

ಭಾವನವರ ವಾದ ಇಷ್ಟು. ಹಿಂದಿನ ಕೋಚ್ ಟೋನಿ ಬೆನೆಟ್ ಹದಿನೈದು ಋತುಗಳ ಕಾಲ ಆಡಿಸಿದ ನಿಧಾನದ ಆಟಕ್ಕೆ ಈಗ ಬೆಲೆಯಿಲ್ಲ. 2024ರ ಟೂರ್ನಿಯಲ್ಲಿ ಕೊಲರಾಡೊ ಸ್ಟೇಟ್ ಎದುರು ನಾವು ಗಳಿಸಿದ್ದು ಬರೀ 42 ಅಂಕ, ಬೆನೆಟ್ ಬಿಟ್ಟುಹೋದ ಮೇಲೆ ನವೆಂಬರ್‌ನಲ್ಲಿ ಟೆನೆಸ್ಸಿ ಎದುರು ಮತ್ತೆ 42. ನೋಡಲು ಕೂತವರಿಗೆ ನಿದ್ದೆ ಬರುವಂಥ ಆಟಕ್ಕೆ ಒಳ್ಳೆಯ ಹುಡುಗರು ಯಾಕೆ ಬರಬೇಕು? ಅಂಕಿಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಕೊಲರಾಡೊ ಸ್ಟೇಟ್ ಪಂದ್ಯದ ಮೊದಲಾರ್ಧದಲ್ಲಿ ನಮ್ಮವರು 14 ಅಂಕ ಮಾಡಿದ್ದನ್ನು ನಾನು ಇದೇ ಸೋಫಾದ ಮೇಲೆ ಕೂತು ನೋಡಿದ್ದೇನೆ. ಆದರೆ ಚೆಂಡು ನಮ್ಮ ಕೈಯಲ್ಲಿದ್ದಾಗಿನ ನಿಧಾನವನ್ನೂ, ಎದುರಾಳಿಯ ಕೈಯಲ್ಲಿದ್ದಾಗಿನ ನಮ್ಮ ಪ್ಯಾಕ್ ಲೈನ್ ಡಿಫೆನ್ಸನ್ನೂ ಅವರು ಒಂದೇ ಪಾತ್ರೆಗೆ ಹಾಕಿ ಕಲಸುತ್ತಾರೆ. ಬೆನೆಟ್ ಕಾಲದಲ್ಲಿ ಎದುರಾಳಿಗೆ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ ಎಂಬ ಹೆಸರು ನಮಗೆ ಹಲವು ಸಲ ಬಂದಿತ್ತು, ಅದಕ್ಕೆ ಕಾರಣ ಗಡಿಯಾರ ಕರಗಿಸಿದ್ದು ಮಾತ್ರ ಎಂದರೆ ನಾನು ಒಪ್ಪುವವನಲ್ಲ.

ಮೈಸೂರಿನಿಂದ ಬಂದು ಎರಡು ತಿಂಗಳಾಗಿರುವ ಮಾವನವರು, ಈ ಪ್ಯಾಕ್ ಲೈನ್ ಎಂದರೇನು, ಒಂದು ಸಲ ಬಿಡಿಸಿ ಹೇಳಬಾರದೇ ಎಂದು ಕೇಳಿದರು. ಬಾಗಿಲಿಗೆ ಕಟ್ಟಿ ಉಳಿದಿದ್ದ ತೋರಣದ ದಾರವನ್ನು ತಂದು ಊಟದ ಮೇಜಿನ ಮೇಲೆ ಕಮಾನಿನಂತೆ ಇಟ್ಟೆ. ಉಪ್ಪಿನಕಾಯಿ ಭರಣಿಯೇ ಬುಟ್ಟಿ, ಐದು ಬಟ್ಟಲುಗಳು ಎದುರಾಳಿಗಳು, ಐದು ಚಮಚಗಳು ನಮ್ಮವರು. ಬುಟ್ಟಿಯಿಂದ ಹದಿನಾರು ಹದಿನೇಳು ಅಡಿ ದೂರದಲ್ಲಿ ಒಂದು ಗೆರೆ ಇದೆಯೆಂದು ಭಾವಿಸಿಕೊಳ್ಳಬೇಕು, ಅದೇ ಈ ದಾರ. ಚೆಂಡು ಯಾರ ಬಳಿ ಇದೆಯೋ ಅವನ ಮೈಮೇಲೆ ಒಂದು ಚಮಚ ಗೆರೆಯ ಹೊರಗೆ ಹೋಗಿ ಒತ್ತಡ ಹಾಕುತ್ತದೆ. ಮಿಕ್ಕ ನಾಲ್ಕೂ ತಮ್ಮ ತಮ್ಮ ಆಳನ್ನು ಅಂಟಿಕೊಂಡಿರದೆ ದಾರದ ಒಳಗೆ ಬಂದು ನಿಲ್ಲುತ್ತವೆ. ಚೆಂಡಿನವನು ನುಗ್ಗಲು ನೋಡಿದರೆ ಎಲ್ಲಿ ಹೋದರೂ ಒಂದು ಚಮಚ ಅಡ್ಡ ಸಿಗುತ್ತದೆ. ಹೊರಗೆ ಪಾಸ್ ಹೋಯಿತೆಂದರೆ ಅಲ್ಲಿಯ ಚಮಚ ದಾರ ದಾಟಿ ಓಡಿ, ಕೊನೆಯ ಎರಡು ಹೆಜ್ಜೆ ಚಿಕ್ಕದು ಮಾಡಿ, ಕೈ ಎತ್ತಿ ನಿಲ್ಲಬೇಕು, ಅದೇ ಕ್ಷಣ ಇನ್ನುಳಿದ ನಾಲ್ಕೂ ತಮ್ಮ ಜಾಗ ಬದಲಿಸಬೇಕು. ಚೆಂಡು ಗಾಳಿಯಲ್ಲಿ ಇರುವಾಗಲೇ ಹೊರಡಬೇಕು, ಕೈಗೆ ಬಿದ್ದ ಮೇಲೆ ಹೊರಟರೆ ತಡವಾಯಿತು.

ಟೋನಿ ಅವರ ತಂದೆ ಡಿಕ್ ಬೆನೆಟ್ ವಿಸ್ಕಾನ್ಸಿನ್‌ನಲ್ಲಿ ಬೆಳೆಸಿ, 2000ರಲ್ಲಿ ಆ ತಂಡವನ್ನು ಕೊನೆಯ ನಾಲ್ಕರ ಹಂತಕ್ಕೆ ಒಯ್ದ ಪದ್ಧತಿ ಇದು. ನಾನು ಚಮಚಗಳನ್ನು ಸರಿಸುತ್ತ ನಾಲ್ಕು ಪಾಸ್ ತೋರಿಸುವಷ್ಟರಲ್ಲಿ ಒಂದು ಚಮಚ ಹಿಂದೆಯೇ ಉಳಿದುಬಿಟ್ಟಿತು. ಮಗಳು ಖಾಲಿ ಮೂಲೆಯಲ್ಲಿದ್ದ ಬಟ್ಟಲನ್ನು ಬೆರಳಿಂದ ತಟ್ಟಿ, ಅಪ್ಪಾ, ಇವನು ಒಬ್ಬನೇ ಇದ್ದಾನೆ, ಮೂರು ಅಂಕ ಎಂದಳು. ಮಾವನವರು ನಕ್ಕು, ಸ್ಲಿಪ್‌ನಲ್ಲಿ ನಿಂತವರಿಗೂ ಹೀಗೆಯೇ, ಪಕ್ಕದವನ ಕೈ ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯುವುದಕ್ಕೇ ವರ್ಷಗಟ್ಟಲೆ ಬೇಕು ಎಂದರು. ನಾನು ಭಾವನವರಿಗೆ ಒಂದು ಗಂಟೆ ಹೇಳಲು ಹೆಣಗುತ್ತಿದ್ದ ಮಾತನ್ನು ಬ್ಯಾಸ್ಕೆಟ್‌ಬಾಲ್ ನೋಡದ ಆ ಹಿರಿಯರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರು.

ನನ್ನ ಪ್ರಕಾರ ಡಿಫೆನ್ಸ್ ಒಂದು ಕಡೆ, ಆಟಗಾರರನ್ನು ಬೆಳೆಸುವುದು ಇನ್ನೊಂದು ಕಡೆ ಎಂದು ವಿಂಗಡಿಸುವುದೇ ತಪ್ಪು. ಮ್ಯಾಲ್ಕಮ್ ಬ್ರಾಗ್ಡನ್ 2011ರಲ್ಲಿ ಬಂದ, ಕಾಲಿನ ಗಾಯದಿಂದ 2012–13ರ ಋತುವನ್ನು ಪೂರ್ತಿ ಹೊರಗೆ ಕಳೆದ, 2016ರಲ್ಲಿ ಎಸಿಸಿಯ, ಅಂದರೆ ನಮ್ಮ ತಂಡ ಆಡುವ ಲೀಗಿನ, ಶ್ರೇಷ್ಠ ಆಟಗಾರ ಮತ್ತು ಶ್ರೇಷ್ಠ ಡಿಫೆನ್ಸ್ ಆಟಗಾರ ಎಂಬ ಎರಡು ಗೌರವವನ್ನೂ ಒಟ್ಟಿಗೆ ಪಡೆದು ಹೋದ. ವೃತ್ತಿಪರ ಲೀಗ್ ಎನ್‌ಬಿಎ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 36ನೆಯವನಾಗಿ ಆಯ್ಕೆಯಾದರೂ 2017ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಡಿಆಂಡ್ರೆ ಹಂಟರ್ ಮೊದಲ ವರ್ಷ ರೆಡ್‌ಶರ್ಟ್, ಅಂದರೆ ತಂಡದ ಜೊತೆ ಅಭ್ಯಾಸ ಮಾಡುತ್ತಾನೆ, ಪಂದ್ಯ ಆಡುವುದಿಲ್ಲ, ಆಡುವ ನಾಲ್ಕು ವರ್ಷಗಳಲ್ಲಿ ಅದು ಕಳೆಯುವುದಿಲ್ಲ. ಮಮಾಡಿ ಡಿಯಾಕಿಟೆ, ಜೇ ಹಫ್ ಕೂಡ ಹಾಗೆಯೇ ಒಂದು ವರ್ಷ ಕಾದವರು. ಆ ಒಂದು ವರ್ಷದಲ್ಲಿ ಮೈ ಗಟ್ಟಿಯಾಗುವುದು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಅಭ್ಯಾಸದಲ್ಲಿ ದಿನಾಲೂ ಆ ಗೆರೆಯ ಒಳಗೂ ಹೊರಗೂ ಓಡಿ ಓಡಿ, ಪಕ್ಕದವನು ಎಷ್ಟು ಹೊತ್ತಿಗೆ ಬರುತ್ತಾನೆಂಬುದು ಕಾಲಿಗೆ ತಿಳಿಯುವುದು. 2019ರ ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ 85–77ರಿಂದ ಗೆದ್ದು ನಾವು ಚಾಂಪಿಯನ್ ಆದಾಗ 27 ಅಂಕ ಗಳಿಸಿದವನು ಹಿಂದೊಮ್ಮೆ ಬೆಂಚಿನಲ್ಲಿ ಕಾದಿದ್ದ ಅದೇ ಹಂಟರ್.

ನಮ್ಮ ಜೊತೆ ಊಟಕ್ಕೆ ಬಂದಿದ್ದ ದಾವಣಗೆರೆಯ ಸಂಶೋಧನಾ ವಿದ್ಯಾರ್ಥಿ ಅಲ್ಲಿಯವರೆಗೆ ಸುಮ್ಮನೆ ಕೋಸಂಬರಿ ತಿನ್ನುತ್ತಿದ್ದವನು, ಸರ್, ಆ ಒಂದು ವರ್ಷ ಕಾದದ್ದಕ್ಕೆ ಅವರಿಗೆ ಯಾರೂ ಒಂದು ಡಾಲರ್ ಕೊಡುತ್ತಿರಲಿಲ್ಲವಲ್ಲ ಎಂದ. 2021ರಲ್ಲಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಎಂದಾಯಿತು. ಅದೇ ವರ್ಷ, ಒಂದು ಸಲ ಕಾಲೇಜು ಬದಲಿಸಿದರೆ ಒಂದು ಋತು ಹೊರಗೆ ಕೂರಬೇಕಾಗಿಲ್ಲ ಎಂದಾಯಿತು. 2024ರಲ್ಲಿ ಎಷ್ಟು ಸಲ ಬದಲಿಸಿದರೂ ಅಡ್ಡಿಯಿಲ್ಲ ಎಂದಾಯಿತು. ಸರ್, ನಾನೇ ಬೇರೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮುಗಿಸಿ, ಹೆಚ್ಚು ಸ್ಟೈಪೆಂಡ್ ಸಿಗುತ್ತದೆಂದು ಇಲ್ಲಿಗೆ ಬಂದವನು, ನನಗೆ ನಿಷ್ಠೆಯಿಲ್ಲವೆಂದು ನೀವು ಹೋಳಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ ಎಂದು ಅವನು ಹೇಳಿದಾಗ ಎಲ್ಲರೂ ನಕ್ಕೆವು, ನಾನು ಸ್ವಲ್ಪ ಕಡಿಮೆ ನಕ್ಕೆ. ಅವನು ಅಷ್ಟಕ್ಕೆ ಬಿಡದೆ ಟ್ರೇ ಮರ್ಫಿಯ ಉದಾಹರಣೆಯನ್ನೂ ಕೊಟ್ಟ. ರೈಸ್ ವಿಶ್ವವಿದ್ಯಾಲಯದಿಂದ ಬಂದು, ಇಲ್ಲಿ ಒಂದೇ ಋತು ಆಡಿ, 2021ರ ಡ್ರಾಫ್ಟ್‌ನಲ್ಲಿ 17ನೆಯವನಾಗಿ ಹೋದ ಮರ್ಫಿಯನ್ನು ಬೆಳೆಸಿದವರು ಯಾರು, ಅಲ್ಲಿಯವರೋ ಇಲ್ಲಿಯವರೋ? ಈ ಪ್ರಶ್ನೆಗೆ ನನ್ನ ಬಳಿ ನೇರವಾದ ಉತ್ತರ ಇರಲಿಲ್ಲ.

ಹುಡುಗರು ಹಣ ಪಡೆಯುವುದರ ಬಗ್ಗೆ ನನಗೆ ಅಸಮಾಧಾನವಿಲ್ಲ, ಹದಿನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಜಾನ್ ಪಾಲ್ ಜೋನ್ಸ್ ಅರೀನಾದಲ್ಲಿ ಟಿಕೆಟ್ ಕೊಂಡು ಕೂರುವವರು ಬರುವುದು ಅವರ ಆಟ ನೋಡುವುದಕ್ಕೇ. ನನ್ನ ಕೊರಗು ಬೇರೆ. ನಾಲ್ಕು ವರ್ಷ ಒಟ್ಟಿಗೆ ಇರುವ ಐದು ಜನ ಇನ್ನು ಮುಂದೆ ಸಿಗುವುದಿಲ್ಲವೆಂದ ಮೇಲೆ, ಐದು ಜನ ಒಂದೇ ಕಣ್ಣಿನಿಂದ ನೋಡಬೇಕಾದ ಡಿಫೆನ್ಸ್ ಕಲಿಸುವುದು ಹೇಗೆ? ಬೆನೆಟ್ ಕಳೆದ ಅಕ್ಟೋಬರ್ 18ರಂದು, ಋತು ಶುರುವಾಗಲು ಮೂರು ವಾರವೂ ಇಲ್ಲದಿದ್ದಾಗ ನಿವೃತ್ತಿ ಹೇಳಿದ್ದು ಇದೇ ಕಾರಣಕ್ಕೆ. ಈಗಿನ ವಾತಾವರಣಕ್ಕೆ ತಾನು ತಕ್ಕವನಲ್ಲ ಎಂಬ ಅರ್ಥದ ಮಾತನ್ನು ಅವರೇ ಆಡಿದರು. ಆಗ ಅವರಿಗೆ ಐವತ್ತೈದು. ಆ ದಿನ ಕಚೇರಿಯಲ್ಲಿ ಯಾರಿಗೂ ಕೆಲಸದ ಮೇಲೆ ಗಮನವಿರಲಿಲ್ಲ.

ಬೆನೆಟ್ ಜಾಗಕ್ಕೆ ಬಂದ ರಾನ್ ಸ್ಯಾಂಚೆಜ್ ಅವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಂಗಾಮಿ ಕೋಚ್ ಆಗಿ, ತಾನು ಕಟ್ಟದ ಮನೆಗೆ ತಾನೇ ಉತ್ತರ ಹೇಳಬೇಕಾದ ಸ್ಥಿತಿಯಲ್ಲಿ 15 ಗೆದ್ದು 17 ಸೋತರು. ಭಾವನವರು ಆ ಸೋಲುಗಳನ್ನು ಪದ್ಧತಿಯ ಲೆಕ್ಕಕ್ಕೆ ಬರೆಯುತ್ತಾರೆ, ನಾನು ಕಾಲದ ಲೆಕ್ಕಕ್ಕೆ ಬರೆಯುತ್ತೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಮ್ಮಿಬ್ಬರ ವಾದ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಈ ಋತುವಿನ ಬಗ್ಗೆ ನನ್ನ ಹೆಂಡತಿಗೆ ನೆನಪಿರುವುದು ಇಶಾನ್ ಶರ್ಮಾ ಎಂಬ ಕೆನಡಾದ ಹುಡುಗ ತಂಡದಲ್ಲಿದ್ದ ಎಂಬುದೊಂದೇ; ಪ್ರತಿ ಸಲ ಅವನು ಮೂರು ಅಂಕದ ಶಾಟ್ ಹಾಕಿದಾಗಲೂ ಮಾವನವರಿಗೆ ವೇಗದ ಬೌಲರ್ ಇಶಾಂತ್ ಶರ್ಮಾನೇ ನೆನಪಾಗುತ್ತಿದ್ದ.

ಎರಡೂವರೆಯ ಹೊತ್ತಿಗೆ ಟಿ.ವಿ.ಯಲ್ಲಿ ಹ್ಯೂಸ್ಟನ್ ಮತ್ತು ಟೆನೆಸ್ಸಿ ನಡುವಿನ ಪಂದ್ಯ ಶುರುವಾಗಿತ್ತು, ಗೆದ್ದವರು ಕೊನೆಯ ನಾಲ್ಕಕ್ಕೆ ಹೋಗುತ್ತಾರೆ. ನವೆಂಬರ್‌ನಲ್ಲಿ ನಮ್ಮನ್ನು 42ಕ್ಕೆ ಕಟ್ಟಿಹಾಕಿದ ಟೆನೆಸ್ಸಿ, ಮೊದಲಾರ್ಧ ಮುಗಿದಾಗ 15 ಅಂಕಗಳಲ್ಲಿ ನಿಂತಿತ್ತು, ಹ್ಯೂಸ್ಟನ್ 34. ಹ್ಯೂಸ್ಟನ್ ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಅವರ ಡಿಫೆನ್ಸ್ ಪ್ಯಾಕ್ ಲೈನ್‌ನಂತೆ ಒಳಗೆ ಸರಿದು ಕಾಯುವಂಥದ್ದಲ್ಲ, ಸ್ಕ್ರೀನ್, ಅಂದರೆ ಚೆಂಡಿನವನಿಗೆ ದಾರಿ ಬಿಡಿಸಲು ಅವನ ಜೊತೆಗಾರ ಅಡ್ಡ ನಿಲ್ಲುವುದು, ಬಂದೊಡನೆ ಇಬ್ಬರು ಹೊರಗೆ ಹಾರಿ ಚೆಂಡಿನವನನ್ನು ಮುತ್ತುತ್ತಾರೆ, ಆ ಇಬ್ಬರು ಬಿಟ್ಟುಬಂದ ಜಾಗವನ್ನು ಹಿಂದಿನ ಮೂವರು ತುಂಬುತ್ತಾರೆ. ಆದರೆ ಹಿಂದಿನ ಮೂವರು ತುಂಬುವ ಆ ಅರ್ಧ ಸೆಕೆಂಡಿನಲ್ಲಿ ನನಗೆ ಕಂಡದ್ದು ಮೇಜಿನ ಮೇಲಿನ ಚಮಚಗಳೇ. ನೋಡಿ ಭಾವ, ಆ ಜುವಾನ್ ರಾಬರ್ಟ್ಸ್ 2019ರಿಂದ ಅಲ್ಲೇ ಇದ್ದಾನೆ, ಇದು ಆರನೆಯ ವರ್ಷ ಎಂದೆ. ಅವರು ಮೊಸರನ್ನದ ತಟ್ಟೆಯಿಂದ ತಲೆ ಎತ್ತದೆ, ಎಲ್.ಜೆ. ಕ್ರೈಯರ್ ಬೇಲರ್‌ನಿಂದ ಬಂದವನು, ಮಿಲೋಸ್ ಉಜಾನ್ ಒಕ್ಲಹೋಮದಿಂದ ಬಂದವನು, ಅವರನ್ನು ಯಾಕೆ ಬಿಟ್ಟಿರಿ ಎಂದರು. ಬಿಟ್ಟದ್ದು ನಿಜ. ಹ್ಯೂಸ್ಟನ್ ಹಳೆಯ ತಳಹದಿಯ ಮೇಲೆ ಹೊಸಬರನ್ನು ಕೂರಿಸುತ್ತಿದೆ, ನಮಗೆ ತಳಹದಿಯೇ ಉಳಿಯುತ್ತದೋ ಇಲ್ಲವೋ ಎಂಬುದು ಕಾಲೇಜು ಬದಲಿಸುವ ಆಟಗಾರರು ಹೆಸರು ಕೊಡುವ ಪೋರ್ಟಲ್ ಮುಚ್ಚುವ ಏಪ್ರಿಲ್ 22ರವರೆಗೆ ಗೊತ್ತಾಗುವುದಿಲ್ಲ. ಹ್ಯೂಸ್ಟನ್ 69–50ರಿಂದ ಗೆದ್ದಿತು.

ಕೋಚ್ ಬದಲಾದಾಗ ಸಹಾಯಕರೂ ಬದಲಾಗುವುದು ಇಲ್ಲಿಯ ರೂಢಿ, ಅದರ ಬಗ್ಗೆ ಅಭಿಮಾನಿಗಳು ಕೋಚ್‌ನ ಬಗ್ಗೆ ಮಾತನಾಡುವಷ್ಟು ಮಾತನಾಡುವುದಿಲ್ಲ. ಜೇಸನ್ ವಿಲಿಫರ್ಡ್ 1990ರ ದಶಕದಲ್ಲಿ ಇಲ್ಲಿ ಆಡಿ, 2009ರಲ್ಲಿ ಬೆನೆಟ್ ಬಂದಾಗಿನಿಂದ ಸಹಾಯಕ ಕೋಚ್ ಆಗಿದ್ದವರು. ದಿನವೂ ಹುಡುಗರ ಹೆಜ್ಜೆ ತಿದ್ದುವುದು ಅಂಥವರ ಕೆಲಸ. ಹೊಸ ಪದ್ಧತಿಯನ್ನು ಕಾಗದದಲ್ಲಿ ಬರೆದು ತರಬಹುದು, ತಿದ್ದುವ ಕಣ್ಣನ್ನು ತರಲಾಗದು ಎಂದು ನಾನು ಹೇಳಿದ್ದಕ್ಕೆ, ಓಡಮ್ ತಮ್ಮ ಹಿಂದಿನ ತಂಡ ವಿಸಿಯುನಲ್ಲಿ ಈ ವರ್ಷ 28 ಪಂದ್ಯ ಗೆದ್ದದ್ದು ಕಾಗದದಿಂದಲೇ ಎಂದುಕೊಂಡಿರಾ ಎಂದು ಭಾವ ಕಾರಿನ ಬೀಗದ ಕೈ ಹುಡುಕುತ್ತ ಕೇಳಿದರು.

ಅವರೆಲ್ಲ ಹೊರಟ ಮೇಲೆ, ರಾತ್ರಿ ಒಂಬತ್ತಕ್ಕೆ, ಏಳು ವರ್ಷಗಳಿಂದ ಮುಟ್ಟದೆ ಇಟ್ಟಿದ್ದ ಯುಎಂಬಿಸಿ ಪಂದ್ಯವನ್ನು ಹಾಕಿದೆ. ಮೊದಲಾರ್ಧ 21–21 ಎಂದು ನೆನಪಿತ್ತು. ಮಣಿಕಟ್ಟು ಮುರಿದುಕೊಂಡು ಹಂಟರ್ ಆಡಿರಲಿಲ್ಲ ಎಂಬುದೂ ನೆನಪಿತ್ತು, ಅಂದು ನಾವೆಲ್ಲ ಹೇಳಿಕೊಂಡ ನೆಪವೇ ಅದು. ಎರಡನೆಯ ಅರ್ಧದಲ್ಲಿ ಅವರು 53 ಅಂಕ ಮಾಡಿದರು. ಜೈರಸ್ ಲೈಲ್ಸ್ ಒಬ್ಬನೇ ಪಂದ್ಯದಲ್ಲಿ 28. ಐದು ಅಡಿ ಎಂಟು ಅಂಗುಲದ ಕೆ.ಜೆ. ಮೌರಾ ಚೆಂಡು ತರುತ್ತಾನೆ, ಉಳಿದವರು ಮೂಲೆಗಳಿಗೆ ಹರಡಿ ನಿಲ್ಲುತ್ತಾರೆ, ಲೈಲ್ಸ್ ಮೊದಲನೆಯವನನ್ನು ದಾಟಿ ಗೆರೆಯೊಳಗೆ ಬರುತ್ತಾನೆ, ನಮ್ಮವನು ಅಡ್ಡ ಬರುತ್ತಾನೆ, ಚೆಂಡು ಮೂಲೆಗೆ ಹೋಗುತ್ತದೆ, ಓಡಿಹೋಗಬೇಕಾದ ದೂರ ಒಂದು ಹೆಜ್ಜೆ ಹೆಚ್ಚಾಗಿರುತ್ತದೆ. ಅವರು ಹೊರಗಿನಿಂದ ಎಸೆದ ಮೂರು ಅಂಕದ 24 ಶಾಟ್‌ಗಳಲ್ಲಿ 12 ಹಾಕಿದರು, ನಾವು 22ರಲ್ಲಿ 4. ನಾಲ್ಕು ಸಲ ನಿಲ್ಲಿಸಿ ಹಿಂದಕ್ಕೆ ಓಡಿಸಿದೆ. ಅಂದು ನಾನು ನೋಡುತ್ತಿದ್ದದ್ದು ನಮ್ಮವರನ್ನು ಮಾತ್ರ, ಎದುರು ತಂಡ ಮೊದಲೇ ಜಾಗ ಲೆಕ್ಕ ಹಾಕಿ ನಿಂತಿದ್ದು ಕಂಡಿರಲಿಲ್ಲ.

ಹೆಂಡತಿ ಅಡುಗೆಮನೆಯ ದೀಪ ಆರಿಸಿ ಬಂದು, ಹಬ್ಬದ ದಿನ ಸೋತ ಆಟ ಯಾಕೆ ಹಾಕಿಕೊಂಡು ಕೂತಿದ್ದೀರಿ ಎಂದಳು. ಇವತ್ತು ನಾನು ಆ ಕಡೆಯ ಬೆಂಚಿನಿಂದ ನೋಡುತ್ತಿದ್ದೇನೆ ಎಂದೆ. ಮೇಜಿನ ಮೇಲೆ ದಾರವೂ ಚಮಚಗಳೂ ಹಾಗೆಯೇ ಇದ್ದವು. ಮಗಳು ಮಲಗುವ ಮುನ್ನ ಯಾವಾಗಲೋ ಹಿಂದುಳಿದ ಆ ಚಮಚವನ್ನು ಮೂಲೆಯ ಬಟ್ಟಲಿನ ಮುಂದಕ್ಕೆ ಸರಿಸಿಟ್ಟಿದ್ದಳು.