ಸ್ಟೆಬಿಲೈಜರ್ ತಗೊಳ್ಳೋಕೆ ಹೋಗಿ ಗೋಡೆ ಬಿಚ್ಚಿದ್ದು

ಮೂರು ದಿನದಿಂದ ಫ್ರಿಜ್ಜು ಸಾಯಂಕಾಲ ಆಯ್ತು ಅಂದ್ರೆ ಒಂಥರಾ ಗೊಣಗ್ತಿತ್ತು. ಗುಂಯ್ ಅಂತ ನಾಲ್ಕೈದು ಸೆಕೆಂಡ್, ಆಮೇಲೆ ಟಕ್, ಆಮೇಲೆ ಸುಮ್ನೆ. ಎರಡ್ಮೂರು ನಿಮಿಷ ಬಿಟ್ಟು ಮತ್ತೆ ಗುಂಯ್, ಮತ್ತೆ ಟಕ್. ಫ್ರಿಜ್ ಅಂದ್ಮೇಲೆ ಶಬ್ದ ಮಾಡತ್ತೆ ಬಿಡು ಅಂತ ನಾನು ಟೀವಿ ವಾಲ್ಯೂಮ್ ಇನ್ನೊಂದೆರಡು ಪಾಯಿಂಟ್ ಏರಿಸ್ಕೊಂಡು ಕೂತಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದ್ರೆ ಒಳಗಡೆ ಲೈಟೇನೋ ಉರೀತಿದೆ, ತಣ್ಣಗಿಲ್ಲ, ಫ್ರೀಜರಲ್ಲಿ ನೀರು ನಿಂತಿದೆ.

ಮೆಕ್ಯಾನಿಕ್ ಬಂದು ಹಿಂದ್ಗಡೆ ತಗಡು ಬಿಚ್ಚಿ, ಕಂಪ್ರೆಸರಿನ ಮೂರು ಪಿನ್ನಿಗೆ ಮೀಟರ್ ಹಿಡಿದು ನೋಡಿ, ವೈಂಡಿಂಗ್ (ಒಳಗಿನ ಮೋಟಾರಿನ ತಂತಿ ಸುರುಳಿ) ಹೋಗಿದೆ ಸಾರ್, ಲೋ ವೋಲ್ಟೇಜು, ಸ್ಟೆಬಿಲೈಜರ್ ಇಲ್ವಾ ಅಂದ. ಇಲ್ಲ ಅಂದೆ. ಅವನು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಅದು ಬೇಡ ಬಿಡಿ. ಆ ಟಕ್ ಅನ್ನೋ ಶಬ್ದ ಏನು ಅಂತ ಆಮೇಲೆ ಅವನೇ ಹೇಳ್ದ. ಕಂಪ್ರೆಸರ್ ಪಕ್ಕದಲ್ಲೇ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಓವರ್‌ಲೋಡ್ ಪ್ರೊಟೆಕ್ಟರ್ ಇರತ್ತಂತೆ, ಮೋಟಾರ್ ತಿರುಗೋಕೆ ಆಗ್ದೇ ಕರೆಂಟ್ ಮಾತ್ರ ಎಳೀತಾ ಇದ್ರೆ ಅದು ಬಿಸಿಯಾಗಿ ಲೈನ್ ಕಟ್ ಮಾಡತ್ತೆ, ತಣ್ಣಗಾದ್ಮೇಲೆ ಮತ್ತೆ ಕೂಡಿಸತ್ತೆ. ಅಂದ್ರೆ ಮೂರು ದಿನ ಆ ಪುಟ್ಟ ವಸ್ತು ಸಾಯ್ತೀನಿ ಸಾಯ್ತೀನಿ ಅಂತ ಹೇಳ್ತಾನೇ ಇತ್ತು, ನಾನು ವಾಲ್ಯೂಮ್ ಜಾಸ್ತಿ ಮಾಡ್ತಿದ್ದೆ.

ಲೋ ವೋಲ್ಟೇಜಿಗೆ ಮೋಟಾರ್ ಯಾಕೆ ಸುಡತ್ತೆ ಅನ್ನೋದು ನನ್ಗೆ ಮೊದ್ಲು ತಲೆಗೇ ಹತ್ತಿರ್ಲಿಲ್ಲ. ಕಮ್ಮಿ ಬಂದ್ರೆ ಕಮ್ಮಿ ಓಡತ್ತೆ, ಸುಡೋದೇನು ಅಂತ. ವಿಷ್ಯ ಏನಂದ್ರೆ ಇಂಡಕ್ಷನ್ ಮೋಟಾರಿನ, ಅಂದ್ರೆ ಈ ಫ್ರಿಜ್ಜಲ್ಲಿರೋ ಥರದ್ದರ, ತಿರುಗಿಸೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನ ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬೀಳತ್ತೆ. 230 ಇರಬೇಕಾದ ಕಡೆ 160 ಬಂದ್ರೆ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿನೇ ಇದೆಯಲ್ಲ ಅನ್ಸತ್ತೆ, ಆದ್ರೆ ಶಕ್ತಿ ಅರ್ಧಕ್ಕಿಂತ ಕೆಳಗೆ ಹೋಗಿರತ್ತೆ. ಅಷ್ಟ್ರಲ್ಲಿ ಒಳಗಿನ ಗ್ಯಾಸಿನ ಪ್ರೆಷರ್ ವಿರುದ್ಧ ತಿರುಗೋಕಾಗಲ್ಲ, ನಿಂತಲ್ಲೇ ನಿಂತು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳ್ಕೊಂಡು ಬಿಸಿಯಾಗ್ತಾ ಇರತ್ತೆ. ಆ ಬಿಸೀಲಿ ತಂತಿ ಮೇಲಿನ ಎನಾಮಲ್ ಸುಲಿದು ಹೋಗತ್ತೆ, ಅಲ್ಲಿಗೆ ಮುಗೀತು.

ಸರಿ, ಕಂಪ್ರೆಸರ್ ಹೊಸದು ಬರೋಕೆ ಒಂದು ವಾರ ಅಂದ್ರು, ಅಷ್ಟ್ರಲ್ಲಿ ಸ್ಟೆಬಿಲೈಜರ್ ತಂದಿಡೋಣ ಅಂತ ಹೊರಟೆ. ಅಂಗಡೀಲಿ ಫ್ರಿಜ್ಜಿಗೆ ಒಂದು ಸ್ಟೆಬಿಲೈಜರ್ ಬೇಕು ಅಂದೆ, ಅಷ್ಟೇ ಅಂದಿದ್ದು, ಆ ಹುಡುಗ ಇಡೀ ಮನೆಗೇ ಹಾಕೋ 5 ಕೆವಿಎ (ಎಷ್ಟು ಲೋಡ್ ಹೊರತ್ತೆ ಅನ್ನೋ ಅಳತೆ ಅದು) ಮೈನ್‌ಲೈನ್ ಸ್ಟೆಬಿಲೈಜರ್ ಮುಂದೆ ನಿಲ್ಲಿಸ್ದ. ನಿಮ್ಮನೇಲಿ ವೋಲ್ಟೇಜ್ ಎಷ್ಟು ಬರತ್ತೆ ಅಂತ ಒಂದ್ ಮಾತು ಕೇಳ್ಲಿಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಥರ. ಕೇಳಿದ್ರೂ ನನ್ಗೇನು ಗೊತ್ತಿತ್ತು, ಲೋ ವೋಲ್ಟೇಜ್ ಅನ್ನೋ ಪದ ಬಿಟ್ರೆ ಕೈಯಲ್ಲಿ ಒಂದು ನಂಬರ್ ಇರ್ಲಿಲ್ಲ. ನೋಡಿ ಹೇಳ್ತೀನಿ ಅಂತ ಜಾರ್ಕೊಂಡೆ.

ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡೋ ಗೆಳೆಯ ಒಬ್ಬ ಇದಾನೆ, ಅವನಿಗೆ ಫೋನ್ ಮಾಡಿದ್ರೆ, ಜ್ವರ ಎಷ್ಟಿದೆ ನೋಡ್ದೇ ಮಾತ್ರೆ ತಗೊಳ್ತಿಯಾ, ಮೊದ್ಲು ಅಳೆ ಮಾರಾಯ ಅಂದು ಅವನ ಹಳೇ ಮಲ್ಟಿಮೀಟರ್ ಕೊಟ್ಟ. ಎಸಿ ವೋಲ್ಟ್ ರೇಂಜಿಗೆ ಇಟ್ಟಿದೀನಾ ಅಂತ ಎರಡು ಸಲ ನೋಡ್ಕೋ, ಕೆಂಪು ವೈರು ಆಂಪಿಯರ್ ತೂತಲ್ಲಿ ಇರಬಾರ್ದು, ಇದ್ರೆ ಸಾಕೆಟ್ಟಿಗೆ ಚುಚ್ಚಿದ ತಕ್ಷಣ ಶಾರ್ಟ್ ಆಗತ್ತೆ, ಅಂತ ಅವನು ಹೇಳಿದ್ದು ಇದೊಂದೇ ಎಚ್ಚರಿಕೆ, ಅದನ್ನೇ ನಾಲ್ಕು ಸಲ ಹೇಳ್ದ.

ಒಂದು ವಾರ ಫ್ರಿಜ್ಜಿನ ಸಾಕೆಟ್ಟಲ್ಲಿ ಅಳೆದು ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಬರ್ದೆ. ಬೆಳಿಗ್ಗೆ ಆರಕ್ಕೆ 236. ಮಧ್ಯಾಹ್ನ 224, 221. ಸಾಯಂಕಾಲ ಏಳರಿಂದ ಒಂಬತ್ತರವರೆಗೆ 190, 186, ಒಂದಿನ 182. ಇದು ಲೋ ವೋಲ್ಟೇಜ್ ಸರಿ, ನಿರೀಕ್ಷೆ ಮಾಡಿದ್ದೇ. ಆದ್ರೆ ರಾತ್ರಿ ಒಂದು ಗಂಟೆಗೆ ಎದ್ದಾಗ ಸುಮ್ನೆ ಹಿಡಿದು ನೋಡಿದ್ರೆ 248, ಇನ್ನೊಂದಿನ 254. ಊರೆಲ್ಲ ಮಲಗಿ ಲೋಡ್ ಇಳಿದಾಗ ಅದೇ ಲೈನು ಉಬ್ಬತ್ತೆ. 230ಕ್ಕೆ ಶೇಕಡ 10 ಆಚೆ ಈಚೆ, ಅಂದ್ರೆ 207ರಿಂದ 253, ಇಷ್ಟನ್ನ ಸಾಮಾನ್ಯವಾಗಿ ವಸ್ತುಗಳು ತಡ್ಕೋತವೆ. ನಮ್ಮನೆ ಎರಡೂ ಕಡೆ ಗೆರೆ ದಾಟ್ತಿತ್ತು, ಕೆಳಗೆ ಜಾಸ್ತಿ, ಮೇಲೆ ಕೂದಲೆಳೆಯಷ್ಟು.

ಹಾಗಿದ್ರೆ 90ರಿಂದ 300ರವರೆಗೆ ಕೆಲಸ ಮಾಡತ್ತೆ ಅಂತ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರ್ದಿರೋ ಸ್ಟೆಬಿಲೈಜರೇ ಒಳ್ಳೇದಲ್ವಾ ಅಂತ ಗೆಳೆಯನನ್ನ ಕೇಳ್ದೆ. ಅವನು ನಕ್ಕು, ನಿಮ್ಮನೇಲಿ 90 ಬರತ್ತಾ ಅಂದ. ಬರಲ್ಲ. ಬರದೇ ಇರೋ ವೋಲ್ಟೇಜಿಗೆ ಯಾಕೆ ದುಡ್ಡು ಕೊಡ್ತೀಯ, ಅಷ್ಟು ಅಗಲಕ್ಕೆ ಎಳೆದ ಮಾಲು ಎಷ್ಟೋ ಸಲ ಹೊರಗೆ ಕೊಡೋ ವೋಲ್ಟೇಜಲ್ಲಿ, ಅಂದ್ರೆ ಔಟ್‌ಪುಟ್ಟಲ್ಲಿ ಸಡಿಲ ಬಿಟ್ಟಿರತ್ತೆ, ಇನ್‌ಪುಟ್ ರೇಂಜ್ ನೋಡೋ ಹಾಗೇ ಔಟ್‌ಪುಟ್ ರೇಂಜೂ ಓದು, ಅದು ಸಣ್ಣಕ್ಷರದಲ್ಲಿರತ್ತೆ ಅಂದ.

ಆಮೇಲೆ ಅವನ ಟೇಬಲ್ ಮೇಲೆ ನಡೆದಿದ್ದೇ ನನ್ಗೆ ಈ ಇಡೀ ಕಥೇಲಿ ಇಷ್ಟವಾದ ಭಾಗ. ಅವನ ಹತ್ರ ರಿಪೇರಿಗೆ ಬಂದ ಎರಡು ಸ್ಟೆಬಿಲೈಜರ್ ಇದ್ವು, ಎರಡೂ ರಿಲೇ ಟೈಪ್, ಅಂದ್ರೆ ತಂತಾನೇ ಆನ್ ಆಫ್ ಆಗೋ ಪುಟ್ಟ ಸ್ವಿಚ್ಚುಗಳಿಂದ ಕೆಲಸ ಮಾಡೋವು. ಒಂದರ ಮುಚ್ಚಳ ತೆಗೆದ. ಒಳಗೆ ದೊಡ್ಡದಾಗಿ ಇರೋದು ಒಂದು ಟ್ರಾನ್ಸ್‌ಫಾರ್ಮರ್ ಅಷ್ಟೇ, ಅದರ ಸುರುಳಿಯಿಂದ ಅಲ್ಲಲ್ಲಿ ನಾಲ್ಕೈದು ವೈರ್ ಹೊರಗೆ ತೆಗ್ದಿರ್ತಾರೆ, ಟ್ಯಾಪ್ ಅಂತಾರೆ, ಪಕ್ಕದ ಬೋರ್ಡಲ್ಲಿ ಸಾಲಾಗಿ ರಿಲೇಗಳು. ವೋಲ್ಟೇಜ್ ಇಳಿದ್ರೆ ಒಂದು ರಿಲೇ ಬಿಟ್ಟು ಇನ್ನೊಂದು ಹಿಡ್ಕೊಳತ್ತೆ, ಸೈಕಲ್ ಗೇರ್ ಬದಲಾಯಿಸಿದ ಹಾಗೆ. ವೇರಿಯಾಕ್ ಅಂತ ಒಂದು ಇದೆ ಅವನ ಹತ್ರ, ದುಂಡನೆ ಹಿಡಿ ತಿರುಗಿಸಿದ್ರೆ ವೋಲ್ಟೇಜ್ ಮೆಲ್ಲಗೆ ಏರತ್ತೆ ಇಳಿಯತ್ತೆ, ಅದಕ್ಕೆ ಸ್ಟೆಬಿಲೈಜರ್ ಸಿಕ್ಕಿಸಿ, ಆ ಕಡೆ ಒಂದು ಹಳೇ ಬಲ್ಬು ಹಾಕಿ, ಮೀಟರ್ ನನ್ನ ಕೈಗೆ ಕೊಟ್ಟು ತಿರುಗಿಸ್ತಾ ಹೋದ. 230. ಇಳಿಸ್ದ, 215, 205, ಔಟ್‌ಪುಟ್ಟೂ ಜೊತೇಲೇ ಇಳೀತು, ಕಟ್ ಅಂತ ಶಬ್ದ ಬಂತು, ಬಲ್ಬು ಒಂದು ಸಲ ಕಣ್ಣು ಮಿಟುಕಿಸ್ತು, ಔಟ್‌ಪುಟ್ 236ಕ್ಕೆ ಹಾರ್ತು. ಮತ್ತೆ ಇಳಿಸ್ದ, ಮತ್ತೆ ಅದೇ. ಮಜಾ ಏನಂದ್ರೆ ಇಷ್ಟೊತ್ತೂ ಸ್ಟೆಬಿಲೈಜರಿನ ಮುಂದಿನ ಡಿಸ್‌ಪ್ಲೇ ಮಾತ್ರ ಅಲ್ಲಾಡದೇ 220, 220 ಅಂತ ತೋರಿಸ್ತಾ ಕೂತಿತ್ತು! ಕೈಯಲ್ಲಿರೋ ಮೀಟರ್ 206 ಅಂತಿದೆ, ಅದು 220. ಮೀಟರ್ 238 ಅಂತಿದೆ, ಅದು 220. ಎಲ್ಲ ಹೀಗೇ ಇರಲ್ಲ, ಆದ್ರೆ ಇದಂತೂ ಗಿರಾಕಿ ಸಮಾಧಾನಕ್ಕೆ ಇಟ್ಟಿರೋ ನಂಬರ್ ಅಂದ ಅವನು.

ಎರಡನೇದು ಇನ್ನೂ ಮೋಸ. 130ರ ಕೆಳಗೆ ಇಳಿಸಿದ್ರೂ ಕಟ್ ಆಗ್ಲೇ ಇಲ್ಲ, ಎಷ್ಟಾಗತ್ತೋ ಅಷ್ಟು ಏರಿಸಿ ಕಳಿಸ್ತಾನೇ ಇತ್ತು, ಬಲ್ಬು ಕೆಂಪಗೆ ಉರೀತಿತ್ತು. ಫ್ರಿಜ್ಜಿಗೆ ಅದೇ ವಿಷ. ಏರಿಸೋಕೆ ಆಗ್ದಿದ್ರೆ ಆಫ್ ಆಗ್ಬೇಕು, ಲೋ ಕಟ್, ಹೈ ಕಟ್ ಎರಡೂ ಇರಬೇಕು. ಅಂದಿನಿಂದ ನಾನು ಡಬ್ಬ ಕೈಗೆ ತಗೊಂಡ್ರೆ ಮೊದ್ಲು ಹುಡುಕೋದು ಈ ಎರಡು ಪದ.

ಇನ್ನು ಸರ್ವೋ ಅಂತ ಬರತ್ತೆ, ಅದು ರಿಲೇ ಬದ್ಲು ಸಣ್ಣ ಮೋಟಾರ್ ಒಂದು ಕಾರ್ಬನ್ ಬ್ರಷ್‌ನ ಸುರುಳಿ ಮೇಲೆ ಸರಿಸ್ತಾ ಸರಿಸ್ತಾ ಸರಿ ಮಾಡತ್ತೆ, ನುಣುಪಾಗಿ, ಹೆಚ್ಚುಕಮ್ಮಿ ಶೇಕಡ 1ರ ಒಳಗೆ ಹಿಡಿಯತ್ತೆ, ಆದ್ರೆ ವೋಲ್ಟೇಜ್ ಧಡಕ್ಕನೆ ಹಾರಿದ್ರೆ ರಿಲೇಯಷ್ಟು ಬೇಗ ಬರಲ್ಲ, ಬ್ರಷ್ ಸವೀತದೆ, ನೋಡ್ಕೋಬೇಕು. ಒಂದು ಫ್ರಿಜ್ಜಿಗೆ ಅದು ಅತಿಯಾಯ್ತು.

ಇಷ್ಟೆಲ್ಲ ಆದ್ಮೇಲೆ ಲೆಕ್ಕ ಹಾಕಿ 1 ಕೆವಿಎದು ಒಂದನ್ನ ಆರಿಸಿಟ್ಕೊಂಡಿದ್ದೆ, ಅಷ್ಟ್ರಲ್ಲಿ ಕಂಪ್ರೆಸರ್ ಬಂತು, ಹಾಕಿದ್ರು. ಗೆಳೆಯ ಬಂದಿದ್ದ, ಸಾಯಂಕಾಲ. ಸ್ಟೆಬಿಲೈಜರ್ ಇಲ್ದೇ ಒಂದೇ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ, ಓಡ್ಲಿಲ್ಲ ಅಂದ್ರೆ ತಕ್ಷಣ ತೆಗಿಯೋಣ ಅಂದ. ಮೀಟರಿನ ಮಿನ್-ಮ್ಯಾಕ್ಸ್ ಬಟನ್ ಒತ್ತಿದ್ರೆ ಅತಿ ಕಮ್ಮಿ ಎಷ್ಟಾಯ್ತು ಅಂತ ಹಿಡಿದಿಡತ್ತೆ. ಮೈನ್ ಬೋರ್ಡಲ್ಲಿ ಆಗ 186 ಇತ್ತು. ಫ್ರಿಜ್ ಗುಂಯ್ ಅಂದು ಒದ್ದಾಡಿ ಸ್ಟಾರ್ಟ್ ಆಯ್ತು. ಸಾಕೆಟ್ಟಲ್ಲಿ ಮಿನಿಮಮ್ 157.

ಅವನು ಹುಬ್ಬು ಗಂಟು ಹಾಕ್ಕೊಂಡ. 30 ವೋಲ್ಟು ಎಲ್ಲಿ ಹೋಯ್ತು? ಇಸ್ತ್ರಿ ಪೆಟ್ಟಿಗೆ ತಗೊಂಬಾ ಅಂದ. 1000 ವಾಟಿನ ಇಸ್ತ್ರಿ ಪೆಟ್ಟಿಗೆನ ಅದೇ ಬೋರ್ಡಿನ ಪಕ್ಕದ ಸಾಕೆಟ್ಟಿಗೆ ಹಾಕಿ ಆನ್ ಮಾಡಿದ್ರೆ, ಮೈನಲ್ಲಿ 186 ಇದ್ದಿದ್ದು 185 ಆಯ್ತು, ಇಲ್ಲಿ 173. ದಾರೀಲಿ ಹೋಗಿದ್ದು ಹನ್ನೆರಡು ವೋಲ್ಟು, ಇಸ್ತ್ರಿ ಪೆಟ್ಟಿಗೆ ಎಳೀತಿರೋದು ಮೂರು ಚಿಲ್ರೆ ಆಂಪಿಯರು, ಗುಣಿಸಿದ್ರೆ 40 ವಾಟ್ ಹತ್ರ. ಅಷ್ಟು ಶಾಖ ನನ್ನ ಗೋಡೆ ಒಳಗೆ ಎಲ್ಲೋ ಹುಟ್ತಾ ಇದೆ. 25 ವಾಟಿನ ಬೆಸುಗೆ ಕಡ್ಡಿ ಕಂಡಿದೀರಲ್ಲ, ಸೀಸ ಕರಗಿಸತ್ತಲ್ಲ, ಅದಕ್ಕಿಂತ ಜಾಸ್ತಿ, ಪ್ಲಾಸ್ಟಿಕ್ ಪೈಪಿನ ಒಳಗೆ. ನನ್ಗೆ ಬೆನ್ನು ತಣ್ಣಗಾಯ್ತು.

ಮೈನ್ ಆಫ್ ಮಾಡಿ, ಆಫ್ ಆಗಿದೆ ಅಂತ ಟೆಸ್ಟರ್ ಹಿಡಿದು ನೋಡಿ, ಜಂಕ್ಷನ್ ಬಾಕ್ಸ್ ಮುಚ್ಚಳ ಬಿಚ್ಚಿದ್ವಿ. ನ್ಯೂಟ್ರಲ್ ವೈರುಗಳು, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರುಗಳು, ಎರಡನ್ನ ಬೆರಳಲ್ಲೇ ತಿರುಚಿ ಟೇಪ್ ಸುತ್ತಿ ಬಿಟ್ಟಿದ್ರು ಯಾರೋ ಪುಣ್ಯಾತ್ಮರು. ಟೇಪು ಕರಗಿ ಕಂದು ಬಣ್ಣದ ಅಂಟಾಗಿತ್ತು, ವೈರಿನ ಮೇಲಿನ ಕಪ್ಪು ಸಿಪ್ಪೆ ಮುಟ್ಟಿದ್ರೆ ಪುಡಿಪುಡಿ, ತಾಮ್ರ ಮಸಿ ಹಿಡಿದು ಕಪ್ಪಗಾಗಿತ್ತು. ವಾರವಿಡೀ ನಾನು ಅಳೆದಾಗ ಇದು ಯಾಕೆ ಸಿಗ್ಲಿಲ್ಲ ಅಂದ್ರೆ ಆಗ ಫ್ರಿಜ್ಜೇ ಓಡ್ತಿರ್ಲಿಲ್ಲ, ಕರೆಂಟ್ ಹರೀದೇ ಇದ್ರೆ ಸಡಿಲ ಜಾಯಿಂಟು ವೋಲ್ಟೇಜ್ ತಿನ್ನಲ್ಲ, ಖಾಲಿ ಸಾಕೆಟ್ಟಲ್ಲಿ ಎಲ್ಲ ಸರಿ ಕಾಣತ್ತೆ. ಲೋಡ್ ಹಾಕಿ ಅಳೀಬೇಕು, ಮೈನಲ್ಲೊಂದು ಸಲ, ಸಾಕೆಟ್ಟಲ್ಲೊಂದು ಸಲ.

ಇನ್ನೂ ಒಂದು ಯೋಚ್ನೆ ಬಂತು ನೋಡಿ. ನಾನು ಮೊದ್ಲೇ ದಿನ ಆ ಹುಡುಗ ತೋರಿಸಿದ್ದನ್ನೋ ಇನ್ನೊಂದನ್ನೋ ತಂದು ಫ್ರಿಜ್ ಪಕ್ಕ ಇಟ್ಟಿದ್ರೆ? ಸ್ಟೆಬಿಲೈಜರ್ ವೋಲ್ಟೇಜ್ ಏರಿಸೋದು ಪುಕ್ಕಟೆ ಅಲ್ಲ, ಆ ಕಡೆ ವೋಲ್ಟೇಜ್ ಏರಿಸಿದಷ್ಟೂ ಈ ಕಡೆಯಿಂದ ಕರೆಂಟ್ ಜಾಸ್ತಿ ಎಳೆಯತ್ತೆ. ಔಟ್‌ಪುಟ್ಟಲ್ಲಿ 230ಕ್ಕೆ 8 ಆಂಪಿಯರ್ ಕೊಡ್ಬೇಕಾದ್ರೆ 160 ಬರ್ತಿರೋ ಲೈನಿಂದ ಹನ್ನೊಂದೂವರೆ ಎಳೀಬೇಕು. ಅಷ್ಟೂ ಅದೇ ಕೊಳೆತ ಜಾಯಿಂಟ್ ಮೂಲಕ. ಫ್ರಿಜ್ ತಣ್ಣಗಿರ್ತಿತ್ತು, ಗೋಡೆ ಕಾಯ್ತಿತ್ತು.

ಕರಕಲಾದಷ್ಟು ವೈರ್ ಕತ್ತರಿಸಿ ಹೊಸ ವೈರ್ ಎಳೆಸಿ, ತಿರುಚೋದು ಬಿಟ್ಟು ಸರಿಯಾದ ಕನೆಕ್ಟರ್ ಹಾಕ್ಸಿದೆ. ಆಮೇಲೆ ಇಸ್ತ್ರಿ ಪೆಟ್ಟಿಗೆ ಹಾಕಿ ಅಳೆದ್ರೆ ಮೈನಿಗೂ ಸಾಕೆಟ್ಟಿಗೂ ಒಂದೂವರೆ ವೋಲ್ಟ್ ವ್ಯತ್ಯಾಸ. ಸ್ಟೆಬಿಲೈಜರ್ ತಗೊಂಡೆ, ತಗೊಳ್ಳಿಲ್ಲ ಅಂತಲ್ಲ, ಸಾಯಂಕಾಲದ 182 ಬೀದಿ ಕಡೆಯಿಂದ್ಲೇ ಬರೋದು, ಅದಕ್ಕೆ ನನ್ನ ಗೋಡೆ ಏನೂ ಮಾಡಕ್ಕಾಗಲ್ಲ. ಇನ್‌ಪುಟ್ 140ರಿಂದ 280, ಔಟ್‌ಪುಟ್ 205ರಿಂದ 245, ಎರಡೂ ಕಟ್ ಇದೆ, 3 ನಿಮಿಷದ ಡಿಲೇ ಇದೆ, ಎತ್ತಿದ್ರೆ ಕೈಗೆ ಭಾರ ಸಿಗತ್ತೆ. ಅವನ ವೇರಿಯಾಕಿಗೆ ಹಾಕಿ ತಿರುಗಿಸಿ ನೋಡೇ ಮನೆಗೆ ತಂದಿದ್ದು.

ಟೀವಿಗೂ ಒಂದು ತರ್ಲಾ ಅಂದ್ರೆ ಹಿಂದ್ಗಡೆ ಓದು ಅಂದ. 100-240 ಅಂತ ಬರ್ದಿತ್ತು. ಒಳಗಿನ ಪವರ್ ಸಪ್ಲೈ ತಾನೇ ಹೊಂದಿಸ್ಕೊಳತ್ತೆ, ಲೋ ವೋಲ್ಟೇಜ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಭಯ ಇರೋದು ಬೀದಿ ಲೈನಲ್ಲಿ ನ್ಯೂಟ್ರಲ್ ಕಡಿದ್ರೆ. ಮೂರು ಫೇಸಿನ ಲೈನಲ್ಲಿ ನ್ಯೂಟ್ರಲ್ ಹೋದ್ರೆ ಒಂದು ಮನೆಗೆ 120, ಇನ್ನೊಂದು ಮನೆಗೆ 350 ಹೀಗೆ ಹಂಚಿ ಹೋಗತ್ತೆ, ಯಾರ ಮನೇಲಿ ಲೋಡ್ ಕಮ್ಮಿಯೋ ಅವರಿಗೆ ಜಾಸ್ತಿ. ಅದಕ್ಕೆ ಏರಿಸಿ ಇಳಿಸೋ ಡಬ್ಬ ಬೇಡ, ಮೈನ್ ಬೋರ್ಡಲ್ಲಿ ಓವರ್ ವೋಲ್ಟೇಜಿಗೆ ಕಟ್ ಮಾಡೋ ಪುಟ್ಟ ಪ್ರೊಟೆಕ್ಟರ್ ಸಾಕು, ಅದನ್ನ ಹಾಕ್ಸಿದೆ. ಸಿಡಿಲಿನ ಹೊಡೆತ ಇನ್ನೊಂದೇ ಕಥೆ, ಅದು ರಿಲೇ ಕಣ್ಣು ಬಿಡೋಷ್ಟ್ರಲ್ಲಿ ಬಂದು ಹೋಗಿರತ್ತೆ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ರು, ಒಳ್ಳೇ ಅರ್ಥಿಂಗು ಬೇಕು. ನಮ್ಮ ಅರ್ಥಿಂಗ್ ಹೇಗಿದೆ ಅಂತ ಇನ್ನೂ ನೋಡ್ಸಿಲ್ಲ, ನೋಡ್ಸೋಕೆ ಸ್ವಲ್ಪ ಭಯಾನೂ ಇದೆ.

ಒಂದೇ ತಲೆನೋವು ಆ 3 ನಿಮಿಷದ ಡಿಲೇ. ಕರೆಂಟ್ ಹೋಗಿ ಬಂದ ಮೇಲೆ ಕಂಪ್ರೆಸರ್ ಒಳಗಿನ ಪ್ರೆಷರ್ ಎರಡೂ ಕಡೆ ಸಮ ಆಗ್ಲಿ ಅಂತ ಅದು ಬೇಕಂತಲೇ ಕಾಯತ್ತೆ. ಅಮ್ಮಂಗೆ ಅದು ಕೆಟ್ಟಿದೆ ಅಂತ್ಲೇ ಲೆಕ್ಕ. ಎರಡು ನಿಮಿಷ ನೋಡಿ ಸ್ವಿಚ್ ಆಫ್ ಮಾಡಿ ಆನ್ ಮಾಡ್ತಾರೆ, ಅದು ಪಾಪ ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡತ್ತೆ, ಇವರು ಮತ್ತೆ ಆಫ್ ಮಾಡ್ತಾರೆ. ಮೊನ್ನೆ ಅರ್ಧ ಗಂಟೆ ಹೀಗೇ ನಡೆದಿದೆ.