ಕಡ್ಡಿ ಗೀರುವ ಮೊದಲಿನ ಅರ್ಧ ಗಂಟೆ

ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದಲ್ಲಿ ನಾವು ಕ್ಯಾಂಪ್ ನಡೆಸುತ್ತೇವೆ. ಬೆಂಗಳೂರಿಂದ ಬರುವವರಿಗೆ ಟೆಂಟ್ ಕಟ್ಟುವುದು, ಹಗ್ಗದ ಗಂಟು, ಬಯಲಲ್ಲಿ ಅಡುಗೆ, ಇವನ್ನೆಲ್ಲ ಹೇಳಿಕೊಡುವುದು ನನ್ನ ಕೆಲಸ. ಬಂದವರ ಕಣ್ಣು ಮೊದಲು ಬೀಳುವುದು ಕೈಕೊಡಲಿ ಮೇಲೆ. ಕೈಗೆ ಸಿಕ್ಕ ಕೂಡಲೇ ಪಕ್ಕದ ಮರಕ್ಕೆ ಒಂದೇಟು ಹಾಕಿ ನೋಡುವ ಹುಮ್ಮಸ್ಸು. ಆ ಮರ ಹೆಚ್ಚಾಗಿ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಆಗಿರುತ್ತದೆ. ತೋಟದ ಯಜಮಾನರು ಅಲ್ಲೇ ಎಲ್ಲೋ ನಿಂತಿರುತ್ತಾರೆ.

ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಗೊತ್ತಾಗಿರುವ ಸಂಗತಿ ಒಂದು. ಸಣ್ಣ ಕೊಡಲಿಯನ್ನು ಮರ ಕಡಿಯಲು ಬಳಸುವವರಿಗೆ ಸುಸ್ತಾಗುತ್ತದೆ, ಸೌದೆ ಸೀಳಲು ಬಳಸುವವರಿಗೆ ಬೆಂಕಿ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಇದೇ ಎಲ್ಲ. ವಿಡಿಯೋಗಳಲ್ಲಿ ಬೆಂಕಿ ಹಚ್ಚಲು ತೋರಿಸುವ ಬರ್ಚ್ ಮರದ ತೊಗಟೆ ಚಳಿ ದೇಶದ್ದು, ಒದ್ದೆಯಾದರೂ ಹತ್ತಿಕೊಳ್ಳುತ್ತದೆ. ನಮ್ಮಲ್ಲಿ ಜುಲೈ ತಿಂಗಳಲ್ಲಿ ತೊಗಟೆ ಹಿಂಡಿದರೆ ನೀರು ಬರುತ್ತದೆ. ಆದರೆ ಸತ್ತು ನಿಂತ ಮರದ ಮಣಿಕಟ್ಟು ಗಾತ್ರದ ಕೊಂಬೆಯನ್ನು ಸೀಳಿ ನೋಡಿ. ಹೊರಗೆ ಪಾಚಿ ಕಟ್ಟಿದ್ದರೂ ಒಳಗಿನ ತಿರುಳು ಒಣಗಿರುತ್ತದೆ. ನೆಲಕ್ಕೆ ಬಿದ್ದಿದ್ದಾದರೆ ಬೇಡ, ಅದು ಕೆಳಗಿನಿಂದಲೇ ನೀರು ಕುಡಿದಿರುತ್ತದೆ. ನಾವು ತೋಟದಲ್ಲಿ ನೆರಳಿನ ಮರಗಳ ಕೊಂಬೆ ಸವರಿದಾಗ ಸಿಗುವ ಸಿಲ್ವರ್ ಓಕ್ ತುಂಡು, ಕಿತ್ತು ಹಾಕಿದ ಹಳೇ ಕಾಫಿ ಗಿಡ, ಇಷ್ಟನ್ನೇ ಬಳಸುತ್ತೇವೆ. ಓಕ್ ಸಲೀಸಾಗಿ ಸೀಳುತ್ತದೆ. ಕಾಫಿ ಕಟ್ಟಿಗೆ ಗಟ್ಟಿ, ಅದರ ಕೆಂಡ ಚೆನ್ನಾಗಿ ನಿಲ್ಲುತ್ತದೆ.

ಇನ್ನು ಹೊಡೆಯುವ ರೀತಿ. ನಮ್ಮ ತೋಟದ ಮೇಸ್ತ್ರಿ ಹೊಸಬರನ್ನು ನೋಡಿದರೆ ಹೇಳುವುದು ಒಂದೇ ಮಾತು: "ಕೂತ್ಕೊಂಡು ಹೊಡೀರಿ ಸಾರ್, ನಿಂತ್ರೆ ಕಾಲಿಗೆ ಬರುತ್ತೆ." ಉದ್ದ ಕಾವಿನ, ಅಂದರೆ ಉದ್ದ ಹಿಡಿಯ, ದೊಡ್ಡ ಕೊಡಲಿ ಗುರಿ ತಪ್ಪಿದರೆ ಸಾಮಾನ್ಯವಾಗಿ ಮುಂದಿನ ನೆಲಕ್ಕೆ ಬಡಿಯುತ್ತದೆ. ಮೊಳದುದ್ದದ ಕಾವಿನದು ಹಾಗಲ್ಲ. ನಿಂತು ಬೀಸಿದರೆ ಅದು ಸುತ್ತಿ ಬರುವುದು ನೇರ ಮೊಣಕಾಲಿಗೆ ಅಥವಾ ಮುಂಗಾಲಿಗೆ. ಸಣ್ಣದು ಅಂತ ಸದರ ಬೇಡ ಅನ್ನುವುದು ಅದಕ್ಕೇ. ಮೊಣಕಾಲೂರಿ ಕೂತು, ಮುಂದೆ ಒಂದು ದಪ್ಪ ಕೊರಡು ಇಟ್ಟುಕೊಂಡು, ಅದರ ಆಚೆ ಅಂಚಿನ ಕಡೆ ಹೊಡೆದರೆ ತಪ್ಪಿದ ಏಟೂ ಕೊರಡಿಗೋ ಮಣ್ಣಿಗೋ ಹೋಗುತ್ತದೆ. ಕೈ ಚಾಚಿ ಕೊಡಲಿ ಹಿಡಿದರೆ ಎಷ್ಟು ದೂರ ಮುಟ್ಟುತ್ತದೋ ಅದರ ಎರಡರಷ್ಟು ಜಾಗದೊಳಗೆ ಯಾರೂ ಇರಬಾರದು.

ಸಣ್ಣ ತುಂಡು ಸೀಳಲು ಬೀಸುವುದೇ ಬೇಕಿಲ್ಲ. ತುಂಡಿನ ತುದಿಗೆ ಕೊಡಲಿ ಬಾಯಿ ಒತ್ತಿಟ್ಟು, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿಗೆ ಕುಕ್ಕಿದರೆ ಬಾಯಿ ಒಳಗಿಳಿಯುತ್ತದೆ. ಆಮೇಲೆ ಸ್ವಲ್ಪ ತಿರುಚಿದರೆ ಸಾಕು, ಬಿಟ್ಟುಕೊಳ್ಳುತ್ತದೆ. ತುಂಡನ್ನು ಒಂದು ಕೈಯಲ್ಲಿ ನೆಟ್ಟಗೆ ಹಿಡಿದು ಇನ್ನೊಂದು ಕೈಯಲ್ಲಿ ಬೀಸುವವರನ್ನು ನಾನು ಅಲ್ಲೇ ತಡೆಯುತ್ತೇನೆ. ಊರ ಕಡೆಯವರು ಹಾಗೆ ಮಾಡುತ್ತಾರಲ್ವಾ ಅಂತ ಕೇಳುತ್ತಾರೆ. ಮಾಡುತ್ತಾರೆ, ಅವರ ಕೈ ಬೇರೆ.

ಸೀಳಿದ್ದನ್ನು ಮತ್ತೆ ಸೀಳಬೇಕು. ಹೆಬ್ಬೆರಳ ದಪ್ಪ, ಪೆನ್ಸಿಲ್ ದಪ್ಪ, ಕಡ್ಡಿಪೆಟ್ಟಿಗೆ ಕಡ್ಡಿಯಷ್ಟು ಪುಳ್ಳೆ, ಮೂರೂ ಬೇರೆ ಬೇರೆ ಗುಡ್ಡೆ. ಬಳಿಕ ಕೊಡಲಿಯ ಕೊರಳ ಹತ್ತಿರ ಕಾವು ಹಿಡಿದು, ಒಣ ಸೀಳಿನ ಅಂಚನ್ನು ತೆಳ್ಳಗೆ ಕೆತ್ತಿ, ಸುರುಳಿ ಉದುರದಂತೆ ಅದರಲ್ಲೇ ಬಿಡಬೇಕು. ಕೊಡಲಿಯ ಬಾಯಿ ಸಾಣೆ ಆಗಿದೆಯೋ ಇಲ್ಲವೋ ಅನ್ನುವುದು ಇಲ್ಲೇ ಗೊತ್ತಾಗುವುದು. ಮೊಂಡಾಗಿದ್ದರೆ ಸುರುಳಿ ಏಳುವುದಿಲ್ಲ, ಜಾರಿ ಕೈಗೆ ಬರುತ್ತದೆ. ಒದ್ದೆ ನೆಲದ ಮೇಲೆ ಸೀಳುಗಳನ್ನು ಸಾಲಾಗಿ ಹಾಸಿ, ಅದರ ಮೇಲೆ ಒಣ ತೆಂಗಿನ ನಾರು ಅಥವಾ ಅಡಿಕೆ ಸಿಪ್ಪೆ, ಸುರುಳಿ, ಪುಳ್ಳೆ. ಇಷ್ಟಾದ ಮೇಲೆ ಒಂದೇ ಕಡ್ಡಿ ಸಾಕಾಗುತ್ತದೆ. ಜನ ಇಲ್ಲೇ ಅವಸರ ಮಾಡುವುದು. ಪುಳ್ಳೆ ಒಂದು ಹಿಡಿ ಆದ ಕೂಡಲೇ ಕಡ್ಡಿ ಗೀರಿ, ಹೊಗೆ ಊದುತ್ತಾ ಕೂರುತ್ತಾರೆ. ಕೊನೆಗೆ ಸೀಮೆಎಣ್ಣೆ ಇದೆಯಾ ಅಂತ ಕೇಳುತ್ತಾರೆ.

ಬಿದಿರು ಸಿಕ್ಕರೆ ಉದ್ದಕ್ಕೆ ಸೀಳಿಯೇ ಹಾಕಬೇಕು. ಗಂಟುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಕಾದರೆ ಪಟಾಕಿಯಂತೆ ಸಿಡಿಯುತ್ತದೆ. ಗುರುತು ಸಿಗದ ಮರಕ್ಕೆ ಕೊಡಲಿ ಹಾಕಲೇಬಾರದು. ಪಶ್ಚಿಮ ಘಟ್ಟದ ಹೊಳಗೇರು ಮರದ ಸೊನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಆ ಸೊನೆ ಗಾಳಿಗೆ ಕಪ್ಪಾಗುತ್ತದೆ, ತೊಗಟೆ ಮೇಲೆ ಕಪ್ಪು ಕಲೆ ಕಂಡರೆ ಮೇಸ್ತ್ರಿ ದೂರದಿಂದಲೇ ಬೇಡ ಅಂತಾರೆ.

ಇದೆಲ್ಲ ತೋಟದ ಬೇಲಿ ಒಳಗೆ ಮಾತ್ರ. ಬೇಲಿ ಆಚೆ ಅರಣ್ಯ ಇಲಾಖೆ ಜಾಗ. ಅಲ್ಲಿ ಒಣ ಕೊಂಬೆ ಮುರಿಯುವುದೂ ಇಲ್ಲ, ಬೆಂಕಿಯೂ ಇಲ್ಲ. ಅಭಯಾರಣ್ಯದಲ್ಲಿ ಅಪಾಯ ತರುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಫೆಬ್ರವರಿ ಬಂತೆಂದರೆ ನಾವು ತೋಟದೊಳಗೂ ಬಯಲು ಬೆಂಕಿ ನಿಲ್ಲಿಸಿ ಗ್ಯಾಸ್ ಒಲೆಗೆ ಹೋಗುತ್ತೇವೆ. ಗುಡ್ಡದ ಹುಲ್ಲು ಆಗ ಒಂದು ಕಿಡಿಗೂ ಕಾಯುವುದಿಲ್ಲ.

ಬೇಸಿಗೆಯಲ್ಲಿ ಕೊಡಲಿಯದ್ದೂ ಒಂದು ತಕರಾರು ಇದೆ. ಕಾವು ಒಣಗಿ ಕುಗ್ಗುತ್ತದೆ, ತಲೆ ಸಡಿಲವಾಗುತ್ತದೆ. ಸುಮ್ನೆ ರಾತ್ರಿಯಿಡೀ ನೀರಲ್ಲಿ ನೆನೆಸಿಡುವುದು ಹಲವರ ರೂಢಿ. ಬೆಳಗ್ಗೆ ಬಿಗಿಯಾಗಿರುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಬೆಣೆ ಬದಲಿಸುವುದೇ ಸರಿ. ಹೊಸ ಕಾವೇ ಹಾಕಬೇಕಾದರೆ ತಡಸಲು ಮರದ್ದು ಒಳ್ಳೆಯದು, ಏಟಿನ ಅದುರನ್ನು ತಾಳಿಕೊಳ್ಳುತ್ತದೆ. ತಲೆ ಅಲುಗುವ ಕೊಡಲಿಯನ್ನು ನಾವು ಕ್ಯಾಂಪಿಗೆ ಬಂದವರ ಕೈಗೆ ಕೊಡುವುದಿಲ್ಲ, ಅವರು ಎಷ್ಟೇ ಕೇಳಲಿ.